ಮರಡೋನಾ ಜೆರ್ಸಿ ನೋಡೋಕೆ ಹೋಗಿ…

ಮ್ಯಾಂಚೆಸ್ಟರ್‌ನ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂಗೆ ನಾನು ಹೋಗಿದ್ದು ಒಂದು ಜೆರ್ಸಿಗಾಗಿ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮೇಲೆ ಕೈಯಲ್ಲಿ ಗೋಲು ಹೊಡೆದಾಗ ಮರಡೋನಾ ಹಾಕಿದ್ದ ಜೆರ್ಸಿ ಅಲ್ಲಿದೆ ಅಂತ ಯಾವಾಗಲೋ ಓದಿದ್ದೆ. ಜೊತೆಗೆ 14 ವರ್ಷದ ಮಗಳು. ಶಾಲೆಯ ಟೀಮಿನಲ್ಲಿ ಲೆಫ್ಟ್ ವಿಂಗ್ ಆಡುತ್ತಾಳೆ.

ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಇಳಿಜಾರು ಚಾವಣಿಯ ಗಾಜಿನ ಕಟ್ಟಡ, ದಾರಿ ತಪ್ಪೋ ಹಾಗೇ ಇಲ್ಲ. ಆ ಊರಿನವರಿಗೆ ಪ್ರವೇಶ ಉಚಿತ, ನಮ್ಮಂಥವರಿಗೆ ಟಿಕೆಟ್. ಒಳಗೆ ಹೋಗಿ ಜೆರ್ಸಿ ಎಲ್ಲಿದೆ ಅಂತ ಕೇಳಿದೆ. ಅದು 2022ರಲ್ಲೇ ಹರಾಜಾಗಿ, 71 ಲಕ್ಷ ಪೌಂಡಿಗೆ ಹೋಯಿತಂತೆ! ಅವತ್ತು ಮರಡೋನಾ ಜೊತೆ ಜೆರ್ಸಿ ಬದಲಾಯಿಸಿಕೊಂಡಿದ್ದ ಇಂಗ್ಲೆಂಡ್ ಆಟಗಾರ ಸ್ಟೀವ್ ಹಾಜ್ ಅದನ್ನು ಮ್ಯೂಸಿಯಂಗೆ ಎರವಲು ಕೊಟ್ಟಿದ್ದರು, ಅಷ್ಟೇ.

"ಅಪ್ಪಾ, ಹೊರಡೋ ಮುಂಚೆ ಒಂದ್ಸಲ ನೋಡ್ಬಾರದಿತ್ತಾ?" ಅಂದಳು ಮಗಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಖ ಸಪ್ಪೆ ಮಾಡಿಕೊಂಡೇ ಸುತ್ತಲು ಶುರು ಮಾಡಿದೆ. ಕಾಲು ನಿಂತಿದ್ದು ಒಂದು ಹಳೇ ನೋಟ್‌ಬುಕ್ ಮುಂದೆ. 1863ರಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಸೇರಿದವರು ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರಲ್ಲ, ಅವರ ಮೊದಲ 13 ನಿಯಮಗಳು ಎಬೆನೆಜರ್ ಮಾರ್ಲಿ ಎಂಬುವರ ಕೈಬರಹದಲ್ಲಿವೆ. ಗೋಲು ಕಂಬಗಳ ನಡುವೆ ಎಂಟು ಗಜ. ಇವತ್ತಿಗೂ ಅಷ್ಟೇ! ಆದರೆ ಮೇಲೆ ಅಡ್ಡಪಟ್ಟಿ ಇಲ್ಲ, ಚೆಂಡು ಎಷ್ಟು ಎತ್ತರದಲ್ಲಿ ಹೋದರೂ ಗೋಲು. ಗಾಳಿಯಲ್ಲಿ ಬಂದ ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದಿತ್ತು. ಮರಡೋನಾ ನೂರು ವರ್ಷ ತಡವಾಗಿ ಹುಟ್ಟಿದರು ಅನ್ನಿಸಿತು.

ಹದಿಮೂರನೇ ನಿಯಮ ಬೂಟಿನದು. ಅಟ್ಟೆಯಿಂದ ಹೊರಗೆ ಚಾಚಿದ ಮೊಳೆ, ಕಬ್ಬಿಣದ ತಗಡು ಇರಬಾರದು. ಅಂದರೆ ಅಲ್ಲಿಯವರೆಗೆ ಹಾಕಿಕೊಂಡು ಬರುತ್ತಿದ್ದರು ಅಂತಲೇ ಅಲ್ವಾ? ನನಗೆ ಅಲ್ಲೇ ನಮ್ಮ ಸಾರಂಗಪಾಣಿ ರಾಮನ್ ನೆನಪಾದರು. ಮೈಸೂರು ತಂಡದ ಆಟಗಾರ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಮೊದಲ ಒಲಿಂಪಿಕ್ಸ್ ಗೋಲು ತಂದವರು ಅವರೇ. ನಮ್ಮವರಲ್ಲಿ ಹೆಚ್ಚಿನವರು ಬೂಟೇ ಇಲ್ಲದೆ ಆಡಿದರು, ಎರಡು ಪೆನಾಲ್ಟಿ ಕಳೆದುಕೊಂಡು 2-1ರಲ್ಲಿ ಸೋತರು.

1966ರ ವಿಶ್ವಕಪ್ ಫೈನಲ್ಲಿನ ಕಿತ್ತಳೆ ಬಣ್ಣದ ಚೆಂಡೂ ಇದೆ. ಚಂದ ಇದೆ, ಆದರೆ ಎರಡು ನಿಮಿಷ ಸಾಕು.

ಮಗಳು ಮಾತ್ರ ಲಿಲಿ ಪಾರ್ ಅವರ ಕಂಚಿನ ಪ್ರತಿಮೆ ಬಿಟ್ಟು ಅಲುಗಾಡಲಿಲ್ಲ. ಪ್ರೆಸ್ಟನ್ನಿನ ಕಾರ್ಖಾನೆ ಹೆಂಗಸರ ತಂಡದ ಆಟಗಾರ್ತಿ, ಅವರದೂ ಲೆಫ್ಟ್ ವಿಂಗ್. 1920ರ ಡಿಸೆಂಬರ್ 26ರಂದು ಆ ತಂಡದ ಪಂದ್ಯಕ್ಕೆ ಲಿವರ್‌ಪೂಲ್‌ನಲ್ಲಿ 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಅದೇ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರ ಆಟ ನಿಲ್ಲಿಸಿಬಿಟ್ಟಿತು. ಹೆಂಗಸರ ಮೈಗೆ ಈ ಆಟ ಒಗ್ಗುವುದಿಲ್ಲವಂತೆ. ನಿಷೇಧ ಪೂರ್ತಿ ಹೋಗಿದ್ದು ಐವತ್ತು ವರ್ಷ ಆದ ಮೇಲೆ.

"ಅಷ್ಟು ಜನ ಬಂದಿದ್ದಕ್ಕೇ ನಿಲ್ಲಿಸಿದ್ರಾ?" ಅಂತ ಕೇಳಿದಳು.

ಮಕ್ಕಳನ್ನು ಕರೆದುಕೊಂಡು ಹೋಗುವವರು ಪೆನಾಲ್ಟಿ ಹೊಡೆಯುವ ಆಟಕ್ಕೆ ಸಮಯ ಉಳಿಸಿಕೊಳ್ಳಿ. ನಾವು ಅದನ್ನು ಕೊನೆಗೆ ಇಟ್ಟುಕೊಂಡೆವು. ಅವಳು ಎಡಗಾಲಲ್ಲೇ ಹೊಡೆದಳು. ನನ್ನದು ಹೊರಗೆ ಹೋಯಿತು.