ಲೇಬಲ್ ಎಲ್ಲ ಅಳಿಸಿದ ಮೇಲೆ ಹಳೇ ಮೇಲ್ ಸಿಗತೊಡಗಿತು: ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಟ್ಯಾಕ್ಸ್ ಆಫೀಸು. ನೂರು, ನೂರಹತ್ತು ಪಾರ್ಟಿಗಳು, ಅಂದರೆ ಗಿರಾಕಿಗಳು. ನಾನು, ಜೊತೆಗೆ ಕೆಲಸಕ್ಕೆ ಒಬ್ಬಳು ಹುಡುಗಿ. ಹನ್ನೆರಡು ಹದಿಮೂರು ವರ್ಷದಿಂದ ಒಂದೇ ಜಿಮೇಲ್ ಐಡಿ. ಅದರಲ್ಲಿ ಎಪ್ಪತ್ತು ಸಾವಿರದ ಹತ್ತಿರ ಮೇಲ್ ಇರಬೇಕು. ಈಗ ಅದರಲ್ಲಿ ಬೇಕಾದ್ದು ಒಂದು ನಿಮಿಷದೊಳಗೆ ಸಿಗುತ್ತದೆ. ಫೋಲ್ಡರ್ ಇಲ್ಲ, ಲೇಬಲ್ ಇಲ್ಲ. 'ಹೀಗೆ ಬಿಟ್ಟರೆ ಒಂದು ದಿನ ಮುಳುಗ್ತೀಯ' ಅಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮುಳುಗಿದ್ದೂ ನಿಜ ಅನ್ನಿ. 2023ರ ಸೆಪ್ಟೆಂಬರ್ ನೆನಪಿದೆಯಲ್ವಾ? 2017-18ರ ಜಿಎಸ್‌ಟಿ ಕೇಸುಗಳಿಗೆ ಆ ಡಿಸೆಂಬರ್ 31ರೊಳಗೆ ಇಲಾಖೆಯ ಆರ್ಡರ್ ಆಗಬೇಕಿತ್ತು. ಹಾಗಾಗಿ ನೋಟಿಸುಗಳು ಮಳೆ ಬಂದ ಹಾಗೆ ಬಂದವು. ನಮ್ಮ ಒಂದು ಹಾರ್ಡ್‌ವೇರ್ ಅಂಗಡಿಗೂ ಬಂತು. 3ಬಿ ಅನ್ನುವ ರಿಟರ್ನಿನಲ್ಲಿ ಅಂಗಡಿಯವರು ತೆಗೆದುಕೊಂಡ ಐಟಿಸಿಗೂ (ಖರೀದಿಯ ಮೇಲೆ ಕಟ್ಟಿದ ಟ್ಯಾಕ್ಸಿನ ವಜಾ), ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ 2ಎಗೂ ತಾಳೆ ಇಲ್ಲ. ಜಿಎಸ್‌ಟಿಯ 183ನೇ ಸರ್ಕ್ಯುಲರ್ ಪ್ರಕಾರ, ಐದು ಲಕ್ಷದೊಳಗಿನ ವ್ಯತ್ಯಾಸಕ್ಕೆ ಮಾಲು ಕೊಟ್ಟವನದೇ ಸರ್ಟಿಫಿಕೇಟ್ ಸಾಕಿತ್ತು. ಎಲ್ಲರೂ ಕೊಟ್ಟರು, ಒಬ್ಬ ಮಾತ್ರ 'ಬಿಲ್ ಕಾಪಿ ಕಳಿಸಿ, ನೋಡಿ ಕೊಡ್ತೀನಿ' ಅಂದ. ಅಂಗಡಿಯಲ್ಲಿದ್ದ ಫೈಲನ್ನು ಗೆದ್ದಲು ತಿಂದಿತ್ತು. 'ಮೇಲ್‌ನಲ್ಲಿ ಕಳಿಸಿದ್ದೀನಲ್ಲ ಸರ್' ಅಂದರು ಅಂಗಡಿಯ ಸಾಹುಕಾರರು.

ಹನ್ನೊಂದು ದಿನ ಹುಡುಕಿದೆವು. ಸಿಗಲಿಲ್ಲ. ಆ ಒಂದು ಸರ್ಟಿಫಿಕೇಟ್ ಇಲ್ಲದೆ ದುಡ್ಡು ಕಟ್ಟಬೇಕಾಯಿತು. ಟ್ಯಾಕ್ಸ್ ಹದಿನಾಲ್ಕು ಸಾವಿರ ಚಿಲ್ಲರೆ, ಅದಕ್ಕೆ ಆರು ವರ್ಷದ ಬಡ್ಡಿ 18 ಪರ್ಸೆಂಟ್ ಲೆಕ್ಕದಲ್ಲಿ. ಬಡ್ಡಿಯೇ ಅಸಲಿಗಿಂತ ಜಾಸ್ತಿ ಆಯಿತು. ನೋಟಿಸ್ ಬಂದ 30 ದಿನದೊಳಗೆ ಕಟ್ಟಿದ್ದಕ್ಕೆ ದಂಡ ಒಂದು ತಪ್ಪಿತು. ನಾನು ಫೀಸು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ಆ ಬಿಲ್ಲು ಎಲ್ಲಿತ್ತು ಗೊತ್ತಾ? ಎರಡು ತಿಂಗಳಾದ ಮೇಲೆ ಬೇರೇನೋ ಹುಡುಕುವಾಗ ಕಣ್ಣಿಗೆ ಬಿತ್ತು. ನಾನು ಎಲ್ಲರಿಗೂ ಕಳಿಸಿದ್ದ ದೀಪಾವಳಿ ಶುಭಾಶಯದ ಮೇಲ್‌ಗೆ ಸಾಹುಕಾರರು ರಿಪ್ಲೈ ಒತ್ತಿ, ಬಿಲ್ಲಿನ ಫೋಟೋ ಅಂಟಿಸಿ ಕಳಿಸಿದ್ದರು. ಒಳಗೆ ಒಂದು ಅಕ್ಷರ ಬರೆದಿಲ್ಲ. ಸಬ್ಜೆಕ್ಟಿನಲ್ಲಿ ದೀಪಾವಳಿ, ಫೈಲಿನ ಹೆಸರು ಐಎಂಜಿ ಅಂತ ಶುರುವಾಗಿ ನಾಲ್ಕು ಅಂಕಿ. ಯಾವ ಪದ ಹೊಡೆದರೆ ತಾನೇ ಸಿಕ್ಕೀತು?

ಅಲ್ಲಿಯವರೆಗೆ ಮಾಡಿದ ಸಾಹಸಗಳನ್ನೂ ಹೇಳಿಬಿಡುತ್ತೇನೆ. ಮೊದಲು ಲೇಬಲ್. ಪಾರ್ಟಿಗೊಂದು, ವರ್ಷಕ್ಕೊಂದು, ರಿಟರ್ನಿಗೊಂದು. ಜಿಎಸ್‌ಟಿ ಅಂತ ಒಂದು, ಜಿಎಸ್‌ಟಿ ಹೊಸದು ಅಂತ ಇನ್ನೊಂದು, ಕೊನೆಗೆ ಇತರೆ ಅಂತ ಮತ್ತೊಂದು. ಆ ಇತರೆಯಲ್ಲೇ ಅರ್ಧ ಮೇಲ್ ಇದ್ದವು! ಆಮೇಲೆ ಎಕ್ಸೆಲ್ ರಿಜಿಸ್ಟರ್, ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ ನಿಂತುಹೋಯಿತು. ಆಮೇಲೆ ಯಾರೋ ಬಂದು ಮೇಲ್ ಆರ್ಕೈವ್ ಸಾಫ್ಟ್‌ವೇರ್ ಮಾರಿದರು, ವರ್ಷಕ್ಕೆ ಆರು ಸಾವಿರ. ಅದರ ಪಾಸ್‌ವರ್ಡ್ ಮರೆತದ್ದೇ ನನಗೆ ಆದ ಲಾಭ. ಗೂಗಲ್ ಟೇಕ್‌ಔಟ್‌ನಿಂದ ಎಲ್ಲವನ್ನೂ ಇಳಿಸಿ, ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಸಾಫ್ಟ್‌ವೇರಿಗೆ ಹಾಕಿ ಇಂಡೆಕ್ಸ್ ಮಾಡಲು (ಹುಡುಕುವ ಪಟ್ಟಿ ಕಟ್ಟಲು) ಬಿಟ್ಟೆ. ಎರಡನೇ ದಿನ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಅದಕ್ಕೆಂದೇ ತಂದ ಎಸ್‌ಎಸ್‌ಡಿ ಡಿಸ್ಕ್ ಮೂರು ಸಾವಿರದ ಹತ್ತಿರ. ಈಗ ಅದರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಓಡುತ್ತಿದೆ, ಪೂರ್ತಿ ದಂಡವಾಗಲಿಲ್ಲ ಬಿಡಿ.

ಈಗ ಮಾಡುವುದು ಇಷ್ಟು. ಪದ ಆಮೇಲೆ, ಮೊದಲು ದಿನಾಂಕ. ನಮ್ಮ ಕೆಲಸದಲ್ಲಿ ಯಾವ ತಿಂಗಳಿನದು ಅಂತ ಗೊತ್ತೇ ಇರುತ್ತದೆ. ಜಿಮೇಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಆಫ್ಟರ್, ಬಿಫೋರ್ ಎರಡೂ ಹಾಕಿ (after:2017/10/01 before:2017/11/10 ಹೀಗೆ) ನಲವತ್ತು ದಿನದ ಕಿಂಡಿ ಮಾಡುತ್ತೇನೆ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ನಮ್ಮ ಕಡೆಯಂತೆ ದಿನ ಮೊದಲು ಬರೆದು ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ. ಆಚೀಚೆ ಒಂದೊಂದು ದಿನ ಸಡಿಲ ಬಿಡಿ. ಅದಕ್ಕೆ ಹ್ಯಾಸ್ ಅಟ್ಯಾಚ್‌ಮೆಂಟ್ (has:attachment) ಸೇರಿಸಿದರೆ ಎಪ್ಪತ್ತು ಸಾವಿರ ಇದ್ದದ್ದು ನಲವತ್ತು ಐವತ್ತಕ್ಕೆ ಇಳಿಯುತ್ತದೆ. ಅಷ್ಟನ್ನು ಕಣ್ಣಾಡಿಸಿಯೇ ನೋಡಬಹುದು. ಕಸದ ಬುಟ್ಟಿ, ಸ್ಪ್ಯಾಮ್ ಕೂಡ ನೋಡಬೇಕಾದರೆ ಇನ್ ಎನಿವೇರ್ (in:anywhere) ಹಾಕಬೇಕು, ಇಲ್ಲದಿದ್ದರೆ ಅವು ಹುಡುಕಾಟದಲ್ಲಿ ಬರುವುದಿಲ್ಲ. ಬುಟ್ಟಿಯಲ್ಲಿ 30 ದಿನ ಅಷ್ಟೇ ಉಳಿಯುತ್ತದೆ. 15 ಜಿಬಿ ತುಂಬಿತು ಅಂತ ನಮ್ಮ ಹುಡುಗಿ ಒಮ್ಮೆ ದೊಡ್ಡ ಮೇಲ್‌ಗಳನ್ನೆಲ್ಲ ಅಳಿಸುತ್ತಾ ಕೂತಿದ್ದಳು. ನೋಡಿ ಎದೆ ಒಡೆಯಿತು. ಅವತ್ತೇ ವರ್ಷಕ್ಕೆ 1,300 ಕಟ್ಟಿ 100 ಜಿಬಿ ತೆಗೆದುಕೊಂಡೆ. ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ದಾಖಲೆ ಇಟ್ಟುಕೊಳ್ಳಬೇಕಾದವರು ನಾವು, ಜಾಗಕ್ಕೆ ಜಿಪುಣತನ ಮಾಡಬಾರದು.

ಇಷ್ಟು ನಿಮಗೂ ಗೊತ್ತಿರಬಹುದು. ಅಸಲಿ ವಿಷಯ ಮುಂದಿದೆ. ಒಂದು ಮೇಲ್ ಹುಡುಕಲು ಕಷ್ಟವಾಯಿತು ಅಂದರೆ, ಸಿಕ್ಕ ತಕ್ಷಣ ಅದಕ್ಕೆ ರಿಪ್ಲೈ ಒತ್ತುತ್ತೇನೆ. ಟು ಜಾಗದಲ್ಲಿ ನನ್ನದೇ ಐಡಿ ಹಾಕಿ ಒಂದು ಸಾಲು ಬರೆದು ಕಳಿಸುತ್ತೇನೆ. ಆ ಸಾಲಿನಲ್ಲಿ ಬಿಲ್ಲಿನ ವಿವರ ಇರುವುದಿಲ್ಲ. ಮೊದಲು ನಾನು ಯಾವ ಪದಗಳನ್ನು ಹೊಡೆದು ಸೋತೆನೋ, ಅವೇ ಇರುತ್ತವೆ. ಮುಂದಿನ ಸಲವೂ ನನ್ನ ತಲೆಗೆ ಮೊದಲು ಹೊಳೆಯುವುದು ಅದೇ ಪದ ತಾನೇ? ಎಲ್ಲ ಮೇಲ್‌ಗೂ ಬರೆಯುತ್ತಾ ಕೂತರೆ ಎಕ್ಸೆಲ್ ರಿಜಿಸ್ಟರಿನ ಗತಿಯೇ. ಸೋತದ್ದಕ್ಕೆ ಮಾತ್ರ. ಎರಡು ವರ್ಷದಲ್ಲಿ ಬರೆದದ್ದು ಎಂಟುನೂರು ಒಂಬೈನೂರು ಸಾಲು ಇರಬಹುದು.

ಇಲ್ಲೊಂದು ಗುಂಡಿಯಿದೆ, ನಾನು ಬಿದ್ದಿದ್ದೇನೆ. ಸಾಲು ಬರೆದ ಮೇಲೂ ಕೆಲವು ಸಿಗುತ್ತಿರಲಿಲ್ಲ. ಒಂದು ವಾರ ತಲೆ ಕೆರೆದುಕೊಂಡೆ. ಜಿಮೇಲ್ ಒಂದೊಂದು ಮೇಲನ್ನೂ ಬೇರೆಬೇರೆಯಾಗಿ ನೋಡುತ್ತದೆ, ಇಡೀ ಸರಪಳಿಯನ್ನಲ್ಲ. ಬಿಲ್ಲು 2017ರದ್ದು, ನನ್ನ ಸಾಲು ಇವತ್ತಿನದು. ಸಾಲಿನ ಪದದ ಜೊತೆ 2017ರ ಕಿಂಡಿ ಹಾಕಿದರೆ ಎರಡೂ ಕೂಡುವುದಿಲ್ಲ. ಹಾಗಾಗಿ ತಿಂಗಳು, ವರ್ಷವನ್ನು ಸಾಲಿನಲ್ಲೇ ಅಕ್ಷರದಲ್ಲಿ ಬರೆಯಬೇಕು, ಹುಡುಕುವಾಗ ದಿನಾಂಕದ ಕಿಂಡಿ ಬಿಡಬೇಕು.

ಪೂರ್ತಿ ಪದ ಹೊಡೆಯಬೇಕು ಅನ್ನುವುದನ್ನೂ ಮರೆಯಬೇಡಿ. 29ರಿಂದ ಶುರುವಾಗುವ ಜಿಎಸ್‌ಟಿ ನಂಬರಿನ ಹೊಟ್ಟೆಯಲ್ಲೇ ಪ್ಯಾನ್ ಇದೆ ನಿಜ. ಆದರೆ ಪ್ಯಾನ್ ಹೊಡೆದರೆ ಜಿಎಸ್‌ಟಿ ನಂಬರ್ ಮಾತ್ರ ಇರುವ ಮೇಲ್ ಸಿಗುವುದಿಲ್ಲ. ಎರಡನ್ನೂ ಬರೆಯಿರಿ. ಹೆಸರುಗಳಂತೂ ಇನ್ನೊಂದು ಕಥೆ. ಮಂಜುನಾಥ ಅಂತ ಇಂಗ್ಲಿಷಿನಲ್ಲಿ ಬರೆದರೆ ಒಬ್ಬರು ಕೊನೆಗೆ ಎಚ್ ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ, ಒಬ್ಬರು ಎ ಸೇರಿಸುತ್ತಾರೆ. ನಡುವೆ ಓಆರ್ (OR) ಅಂತ ದೊಡ್ಡಕ್ಷರದಲ್ಲಿ ಹಾಕಿ ಮೂರನ್ನೂ ಒಟ್ಟಿಗೆ ಹೊಡೆಯುತ್ತೇನೆ.

ಕನ್ನಡದಲ್ಲೇ ಸಾಲು ಬರೆದರೆ ಹೇಗೆ ಅಂತ ಒಂದು ತಿಂಗಳು ಪ್ರಯೋಗ ಮಾಡಿದೆ. ಸಿಗುತ್ತದೆ, ಆದರೆ 'ಬಾಡಿಗೆ' ಹೊಡೆದರೆ 'ಬಾಡಿಗೆಯ' ನನಗೆ ಸಿಗಲಿಲ್ಲ. ನಮ್ಮ ವಿಭಕ್ತಿ ಯಂತ್ರಕ್ಕೆ ಎಲ್ಲಿ ಗೊತ್ತು? ಪ್ರತ್ಯಯ ಕಿತ್ತು ಬರೀ ಮೂಲ ಪದ ಬರೆದಿಟ್ಟರೆ ಸರಿಹೋಗುತ್ತದೆ. ಹಳೇ ನುಡಿ ಫಾಂಟಿನ ಕಾಗದಗಳದ್ದು ಇನ್ನೊಂದು ಗೋಳು. ಯೂನಿಕೋಡ್ ಅಲ್ಲದ್ದರಿಂದ ಮೇಲ್‌ನಲ್ಲಿ ಅವು ವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ. ನುಡಿಯಲ್ಲೇ ಪದ ಟೈಪ್ ಮಾಡಿ, ಆ ಚಿಹ್ನೆಗಳನ್ನೇ ಹುಡುಕುವ ಪೆಟ್ಟಿಗೆಗೆ ಅಂಟಿಸಿ ನೋಡಿದೆ. ಹತ್ತರಲ್ಲಿ ಮೂರು ಸಿಕ್ಕವೇನೋ. ಕೆಲಸಕ್ಕೆ ಬಾರದು, ಆದರೆ ಭಾನುವಾರ ಚೆನ್ನಾಗಿ ಕಳೆಯಿತು.

ಒಮ್ಮೆ ಟು ಬದಲಿಸುವುದನ್ನು ಮರೆತೆ. ಸಾಲಿನ ಕೊನೆಯಲ್ಲಿ 'ಫೀಸ್ ಬಾಕಿ' ಅಂತಲೂ ಇತ್ತು. ಸೀದಾ ಪಾರ್ಟಿಗೇ ಹೋಯಿತು. ಮಾರನೇ ದಿನ ನಾಲ್ಕೂವರೆ ಸಾವಿರ ಫೋನ್‌ಪೇ ಆಯಿತು, ವರ್ಷದಿಂದ ನಿಂತಿದ್ದ ದುಡ್ಡು.

ಸಾಲಿನ ಮುಂದೆ ಮೂರಕ್ಷರದ ಒಂದು ಗುರುತು ಹಾಕುತ್ತೇನೆ. ಅದನ್ನು ಹೊಡೆದರೆ ನನ್ನ ಸಾಲುಗಳಷ್ಟೇ ಬರುತ್ತವೆ. ಏನದು ಅಂತ ಹೇಳುವುದಿಲ್ಲ, ನೀವೇ ಒಂದು ಮಾಡಿಕೊಳ್ಳಿ. ನೋಟಿಸ್ ಬರುವ ಮೊದಲೇ ಅದಕ್ಕೆ ಬೇಕಾದ ಮೇಲ್‌ಗಳನ್ನು ಹೇಗೆ ಗುಡ್ಡೆ ಹಾಕುತ್ತೇನೆ ಅನ್ನುವುದೂ ಇದೆ. ಅದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬೇಡ.

ನಮ್ಮ ಲೈನಿನಲ್ಲಿ ಹಿರಿಯರೊಬ್ಬರಿದ್ದಾರೆ. ಬಂದ ಪ್ರತಿ ಮೇಲನ್ನೂ ಪ್ರಿಂಟ್ ತೆಗೆದು ಬಾಕ್ಸ್ ಫೈಲಿಗೆ ಹಾಕುವವರು. ಹೋದ ಚಳಿಗಾಲದಲ್ಲಿ ಆಫೀಸಿಗೆ ಬಂದು, 'ಏನಪ್ಪಾ, 2019ರಲ್ಲಿ ಮುಚ್ಚಿದ ಆ ಬಟ್ಟೆ ಅಂಗಡಿಯ ಬ್ಯಾಂಕ್ ಸ್ಟೇಟ್‌ಮೆಂಟ್ ನಿನಗೂ ಬಂದಿತ್ತಲ್ಲ, ತೆಗಿ ನೋಡೋಣ. ಸಿಕ್ಕರೆ ಬೆಣ್ಣೆ ದೋಸೆ ನಂದು' ಅಂದರು. ಗಡಿಯಾರ ನೋಡಿಕೊಂಡೇ ಕೂತರು. ನಲವತ್ತು ಸೆಕೆಂಡ್ ಆಗಿರಬೇಕು, ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

'ಸರಿ' ಅಂದರು. 'ಒಂದು ಪ್ರಿಂಟ್ ಕೊಡು, ಫೈಲಿಗೆ ಹಾಕ್ತೀನಿ.'