ಪೊರೆ ತೆಗೆದು ಗ್ಲಾಕೋಮಾ ಟ್ಯೂಬ್ ಹಾಕಿದ ಮೇಲೆ ಮನೆಯವರು ಮಾಡಬೇಕಾದ್ದು

ನಮ್ಮ ಅಪ್ಪಯ್ಯನಿಗೆ ಒಂದೇ ಆಪರೇಷನ್‌ನಲ್ಲಿ ಪೊರೆ ತೆಗೆದು ಲೆನ್ಸ್ ಹಾಕಿದರು, ಗ್ಲಾಕೋಮಾಕ್ಕೆ (ಕಣ್ಣೊಳಗಿನ ಪ್ರೆಷರ್ ಜಾಸ್ತಿಯಾಗಿ ನರ ಹಾಳಾಗುವ ಕಾಯಿಲೆ) ಟ್ಯೂಬನ್ನೂ ಕೂರಿಸಿದರು. ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಹಾಗಾಗಿ ದಿನದಿನದ ಆರೈಕೆ ಎಲ್ಲ ಮನೆಯವರದ್ದೇ.

ಮೊದಲು ಒಂದು ಮಾತು ಎಲ್ಲರಿಗೂ ಗೊತ್ತಿರಲಿ. ಪೊರೆಯಿಂದ ಮಂಜಾದ ನೋಟ ವಾಪಸ್ ಬರುತ್ತದೆ. ಗ್ಲಾಕೋಮಾದಿಂದ ನರ ಹಾಳಾಗಿ ಹೋದ ನೋಟ ಬರುವುದಿಲ್ಲ. ತೋಟದ ನೀರನ್ನು ಬಸಿಗಾಲುವೆ ಹೊರಗೆ ಒಯ್ಯುವ ಹಾಗೆ, ಟ್ಯೂಬು ಕಣ್ಣೊಳಗಿನ ನೀರನ್ನು ಹೊರಗೆ ಬಿಟ್ಟು ಪ್ರೆಷರ್ ಇಳಿಸುತ್ತದೆ, ಉಳಿದ ನೋಟವನ್ನು ಕಾಯುತ್ತದೆ. ಬರೀ ಪೊರೆ ತೆಗೆಸಿಕೊಂಡ ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ. ಇದು ನಿಧಾನ. ಕೆಲವು ವಾರ ಒಂದು ದಿನ ಚೆನ್ನಾಗಿ ಕಂಡರೆ ಇನ್ನೊಂದು ದಿನ ಮಂಜು.

ಆಪರೇಷನ್‌ಗೆ ಮುಂಚೆ, ಈಗ ತಿನ್ನುತ್ತಿರುವ, ಹಿಂದೆ ತಿಂದ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ಹೇಳಿ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ತಿಂದಿದ್ದರೆ ಆಪರೇಷನ್ ಹೊತ್ತಿಗೆ ಪಾಪೆ ಸರಿಯಾಗಿ ಅಗಲವಾಗದೆ ಇರಬಹುದು. ಮೊದಲೇ ಗೊತ್ತಿದ್ದರೆ ಅವರು ತಯಾರಾಗಿರುತ್ತಾರೆ. ರಕ್ತ ತೆಳುವಾಗುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಯಾವ ಟ್ಯೂಬ್ ಅಂತಲೂ ಕೇಳಿ. ಅಹ್ಮದ್ ವಾಲ್ವ್ ಆದರೆ ಅವತ್ತಿಂದಲೇ ಕೆಲಸ ಶುರು. ಮದುರೆಯ ಅರೋಲ್ಯಾಬ್ ಮಾಡುವಂಥ ವಾಲ್ವ್ ಇಲ್ಲದ ಟ್ಯೂಬಾದರೆ ಅದನ್ನು ದಾರ ಕಟ್ಟಿ ಮುಚ್ಚಿರುತ್ತಾರೆ, ಆ ದಾರ ಸಾಮಾನ್ಯವಾಗಿ 5–6 ವಾರಕ್ಕೆ ಬಿಚ್ಚಿಕೊಳ್ಳುತ್ತದೆ. ಅಲ್ಲಿವರೆಗೆ ಪ್ರೆಷರ್ ಜಾಸ್ತಿಯೇ ಇರಬಹುದು. ಹಳೆಯ ಡ್ರಾಪ್ಸ್ ಯಾವುದು ಮುಂದುವರಿಸಬೇಕು, ಯಾವುದು ಬಿಡಬೇಕು ಅಂತ ಎರಡೂ ಕಣ್ಣಿಗೆ ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಇನ್ನು ಡ್ರಾಪ್ಸ್ ಹಾಕೋದು. ಬಾಟಲಿ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಎಡ, ಬಲ ಅಂತ ಬರೆಯಿರಿ. ತೆರೆದ ತಾರೀಖನ್ನೂ ಹಾಕಿ. ಕೈ ಸೋಪಲ್ಲಿ ತೊಳೆದು, ಹಾಲಿನ ಹಾಗಿರುವ ಸ್ಟೀರಾಯ್ಡ್ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ. ಆಪರೇಷನ್ ಆದವರು ತಲೆ ಎತ್ತಿ ಮಾಡಿನ ಕಡೆ ನೋಡಲಿ. ಕೆಳರೆಪ್ಪೆಯನ್ನಷ್ಟೇ ಮೆಲ್ಲಗೆ ಎಳೆಯಿರಿ. ಟ್ಯೂಬು ಸಾಮಾನ್ಯವಾಗಿ ಮೇಲ್ರೆಪ್ಪೆಯ ಅಡಿಯಲ್ಲಿರುತ್ತದೆ, ಅಲ್ಲಿ ಬೆರಳು ಒತ್ತಲೇಬಾರದು. ಬಾಟಲಿ ಮೂತಿ ಕಣ್ಣಿಗೆ ತಾಗಬಾರದು. ಅಪ್ಪಯ್ಯ "ಇನ್ನೊಂದು ಹನಿ ಬಿಡು ಮಾರಾಯ" ಅನ್ನುತ್ತಿದ್ದರು. ಒಂದೇ ಸಾಕು, ಜಾಸ್ತಿ ಹಾಕಿದ್ದು ಕೆನ್ನೆ ಮೇಲೆ ಇಳಿಯುತ್ತದೆ ಅಷ್ಟೇ. ಎರಡು ನಿಮಿಷ ಕಣ್ಣು ಮುಚ್ಚಿರಲಿ, ಹಿಂಡಬಾರದು. ಮುಂದಿನ ಡ್ರಾಪ್ಸ್‌ಗೆ 5 ನಿಮಿಷ ಬಿಡಿ. ಕೆಂಪು ಹೋಯಿತು ಅಂತ ಸ್ಟೀರಾಯ್ಡ್ ಸುಮ್ನೆ ನಿಲ್ಲಿಸಬೇಡಿ. ಅದನ್ನು ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಬೇಕು.

ನಮ್ಮ ಕಡೆ ದೊಡ್ಡ ತೊಂದರೆ ಬಚ್ಚಲೊಲೆ ಹೊಗೆ, ಅದರಲ್ಲೂ ಮಳೆಗಾಲದ ಹಸಿ ಸೌದೆಯದ್ದು. ಅವರನ್ನು ಒಲೆ ಮುಂದೆ ಕೂರಲು ಬಿಡಬೇಡಿ. ಡಾಕ್ಟರ್ ಹೇಳುವವರೆಗೆ ತಲೆ ಮೇಲಿಂದ ನೀರು ಬೇಡ. ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಡಿಕೆ ಮೂಟೆ ಎತ್ತೋದು, ಬೋರ್ಡೋ ಔಷಧಿ ಹೊಡೆಯುವಾಗ ತೋಟಕ್ಕೆ ಹೋಗೋದು, ಎರಡೂ ಬೇಡ. ಮಲಗುವಾಗ ಕಣ್ಣಿಗೆ ಶೀಲ್ಡ್ (ಗಟ್ಟಿ ಮುಚ್ಚಳ) ಕಟ್ಟಿ.

ನೋವು ಜಾಸ್ತಿಯಾದರೆ, ನೋಟ ಇದ್ದಕ್ಕಿದ್ದಂತೆ ಇಳಿದರೆ, ಕೀವು ಬಂದರೆ, ಕಣ್ಣು ನೋವಿನ ಜೊತೆ ವಾಂತಿಯಾದರೆ ಮುಂದಿನ ಚೆಕಪ್‌ಗೆ ಕಾಯಬೇಡಿ. ಬಸ್ಸಿಗೂ ಕಾಯಬೇಡಿ. ರಾತ್ರಿ ಹೊರಡಲು ಯಾರ ಕಾರು ಸಿಗುತ್ತದೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಟ್ಯೂಬಿಗೆ ಸೋಂಕು ತಗಲುವ ಭಯ ವರ್ಷಗಳ ನಂತರವೂ ಇರುತ್ತದೆ, ಹಾಗಾಗಿ ಈ ಎಚ್ಚರಿಕೆ ಯಾವತ್ತಿಗೂ.

ಇನ್ನೊಂದು. ಗ್ಲಾಕೋಮಾ ಮನೆತನದಲ್ಲಿ ಬರುವ ಕಾಯಿಲೆ. ಕಾಯಿಲೆ ಇದ್ದವರ ಅಣ್ಣತಮ್ಮಂದಿರು, ಅಕ್ಕತಂಗಿಯರು, 40 ದಾಟಿದ ಮಕ್ಕಳು, ಎಲ್ಲರೂ ಕಣ್ಣಿನ ಪ್ರೆಷರ್ ಮತ್ತು ನರ ಎರಡನ್ನೂ ತೋರಿಸಿಕೊಳ್ಳಿ.