ರೆಕ್ಕೆಯ ಅಂಚಿಗೆ ಎಳೆ ಜೋಡಿಸಿ ಸದ್ದು ತಗ್ಗಿಸಿದ್ದು: ನನ್ನ ಅನುಭವ

ರೆಕ್ಕೆಯ ಮೈಗಂಟಿಕೊಂಡು ಹರಿದುಬರುವ ಗಾಳಿಯ ಸಣ್ಣ ಸುಳಿಗಳು ತಮ್ಮಷ್ಟಕ್ಕೆ ಹೊರಡಿಸುವ ಸದ್ದು ತೀರ ಕಡಿಮೆ. ಅವೇ ಸುಳಿಗಳು ಹಿಂಬದಿಯ ಗಡುಸಾದ ಅಂಚನ್ನು ದಾಟುವಾಗ ಮಾತ್ರ, ಕೆಳಗಿದ್ದ ಮೇಲ್ಮೈ ಒಮ್ಮೆಲೇ ಮುಗಿದುಹೋಗುವುದರಿಂದ, ಅವುಗಳ ಒತ್ತಡದ ಏರಿಳಿತ ಶಬ್ದವಾಗಿ ಚದುರುತ್ತದೆ. 1970ರಲ್ಲಿ ಸಂಶೋಧಕರಾದ ಫೌಕ್ಸ್ ವಿಲಿಯಮ್ಸ್ ಮತ್ತು ಹಾಲ್ ತೋರಿಸಿಕೊಟ್ಟಂತೆ ಈ ಶಬ್ದದ ತೀವ್ರತೆ ವೇಗದ ಐದನೆಯ ಘಾತದಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಸುಮಾರು 15 ಡೆಸಿಬಲ್ ಏರಿಕೆ. ಗೂಬೆಯ ರೆಕ್ಕೆಯ ಹಿಂಬದಿಯಲ್ಲಿ ಮೃದುವಾದ ಎಳೆಗಳ ಅಂಚು ಇರುವುದನ್ನು ಗ್ರಹಾಂ ಎಂಬವರು 1934ರಲ್ಲೇ ಗುರುತಿಸಿದ್ದರು. ನಾನು ಹಿಡಿದದ್ದೂ ಅದೇ ದಾರಿ.

ಮುಂಬದಿಯಿಂದ ಹಿಂಬದಿಗೆ 20 ಸೆಂಟಿಮೀಟರ್ ಅಗಲದ, ನಾಕಾ 0012 ಎಂಬ ಪ್ರಮಾಣಿತ ಆಕಾರದ ರೆಕ್ಕೆಯನ್ನು ಗಾಳಿಸುರಂಗದಲ್ಲಿ ನಿಲ್ಲಿಸಿ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಗಾಳಿ ಹಾಯಿಸಿದೆ. ಬರಿಯ ರೆಕ್ಕೆಯೇ ಸಿಳ್ಳೆ ಹಾಕಿತು. ಈ ವೇಗದಲ್ಲಿ ಮೇಲ್ಮೈಯ ಹರಿವು ಬಹುದೂರ ನಯವಾಗಿಯೇ ಉಳಿದು, ಅದರ ಅಸ್ಥಿರತೆ ಅಂಚಿನ ಶಬ್ದದೊಡನೆ ತಾಳ ಹಿಡಿದುಬಿಡುತ್ತದೆ. ಮುಂಬದಿಯ ಹತ್ತಿರ ಎರಡೂ ಮೈಗೆ ಮರಳುಕಾಗದದ ಕಿರುಪಟ್ಟಿ ಅಂಟಿಸಿ ಹರಿವನ್ನು ಕದಡಿದ ಮೇಲೆ ಆ ಸಿಳ್ಳೆ ಅಡಗಿತು. ಇದನ್ನು ಮಾಡದೆ ಮೆತ್ತನೆಯ ಅಂಚು ಜೋಡಿಸಿದ್ದರೆ, ಸಿಳ್ಳೆ ನಿಂತದ್ದನ್ನೇ ಅಂಚಿನ ಗುಣವೆಂದು ನಂಬಿಬಿಡುತ್ತಿದ್ದೆ.

ಮೊದಲು ಅಂಟಿಸಿದ್ದು 2 ಮಿಲಿಮೀಟರ್ ದಪ್ಪದ ಸಿಲಿಕೋನ್ ಹಾಳೆ. ಸದ್ದು ತಗ್ಗುವ ಬದಲು 2000 ಹರ್ಟ್ಜ್ ಆಸುಪಾಸಿನಲ್ಲಿ ಹೊಸದೊಂದು ಶಿಖರ ಎದ್ದು ನಿಂತಿತು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು: ಮೊಂಡಾದ ಅಂಚಿನ ಹಿಂದೆ ಸುಳಿಗಳು ಸರದಿಯಲ್ಲಿ ಕಳಚುವ ಆವರ್ತನ, ವೇಗವನ್ನು ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದಷ್ಟು. ವಸ್ತು ಎಷ್ಟೇ ಮೆತ್ತಗಿದ್ದರೂ ಅಂಚು ದಪ್ಪವಾದರೆ ಪ್ರಯೋಜನವಿಲ್ಲ ಎಂಬುದು ಆಗ ನನಗೆ ಮನದಟ್ಟಾಯಿತು. ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿದೆ. ಅದು ಬಾವುಟದಂತೆ ಪಟಪಟನೆ ಬಡಿದುಕೊಂಡಿತು.

ಕೊನೆಗೆ ಕೈಹಿಡಿದದ್ದು ನೈಲಾನ್ ಎಳೆಗಳ ಒಂದೇ ಸಾಲು. ಎಳೆಗಳ ನಡುವಿನ ಕಿರುಸಂದುಗಳಲ್ಲಿ ಮೇಲಿನ ಹಾಗೂ ಕೆಳಗಿನ ಒತ್ತಡಗಳು ಸ್ವಲ್ಪಸ್ವಲ್ಪವಾಗಿ ಸರಿದೂಗುವುದರಿಂದ, ಸುಳಿಗೆ ಅಂಚು ಒಮ್ಮೆಲೇ ಎದುರಾಗುವುದಿಲ್ಲ. ಎಳೆಗಳನ್ನು ಹಿಡಿದ ಅಂಟುಪಟ್ಟಿಯ ಮೆಟ್ಟಿಲು ಬೆರಳಿಗೆ ತಾಗದಂತೆ ಉಜ್ಜಿ ನಯಗೊಳಿಸಿ, ಎಳೆಗಳನ್ನು ಹರಿವಿನ ದಿಕ್ಕಿಗೆ ಬಾಚಿ, ರೆಕ್ಕೆಯಿಲ್ಲದ ಖಾಲಿ ಸುರಂಗದ ಸದ್ದನ್ನೂ ಪ್ರತ್ಯೇಕವಾಗಿ ಅಳೆದುಕೊಂಡ ನಂತರವೇ, ಬರಿಯ ಅಂಚಿಗಿಂತ ಕೆಲವು ಡೆಸಿಬಲ್‌ಗಳ ಇಳಿಕೆ ವಿಶಾಲ ಆವರ್ತನ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಂಡಿತು. ನಕ್ಷೆಯಲ್ಲಿ ಸದ್ದಿನ ಗೆರೆ ಕೆಳಗಿಳಿದದ್ದನ್ನು ಕಂಡಾಗ ಆದ ಸಂತೋಷ ದೊಡ್ಡದು. ಆದರೂ ಎಳೆಗಳು ಸೇರಿಸಿದ ಉದ್ದದಿಂದ ರೆಕ್ಕೆಯ ಅಗಲವೇ ಬದಲಾಗಿದ್ದರಿಂದ, ಅಷ್ಟೇ ಉದ್ದದ ಗಡುಸು ತಗಡನ್ನು ಜೋಡಿಸಿ ಮತ್ತೊಮ್ಮೆ ಅಳೆದೆ. ಇಳಿಕೆ ಎಳೆಗಳದ್ದೇ ಎಂದು ಬರೆದಿಟ್ಟುಕೊಂಡದ್ದು ಆ ಅಳತೆಯ ನಂತರ.